ಅಪ್‌ಡೇಟ್: ತಾತನ ಡಯಲ್ ಫೋನ್ ರಿಪೇರಿ ಆಯಿತು

ನಮ್ಮ ತಾತನ ಕಪ್ಪು ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಫೋನಿನ ಡಯಲ್ ತೆವಳುತ್ತಾ ವಾಪಸ್ ಬರುತ್ತದೆ, ಬಿಚ್ಚಬಹುದಾ ಎಂದು ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ನೀವು ಹೇಳಿದ್ದೇ ನಿಜ. ಸ್ಪ್ರಿಂಗ್ ಚೆನ್ನಾಗಿತ್ತು. ಡಯಲ್‌ನ ವೇಗ ಹಿಡಿತದಲ್ಲಿಡುವ ಗವರ್ನರ್‌ನಲ್ಲಿ ಹಳೇ ಗ್ರೀಸ್ ಗಟ್ಟಿಯಾಗಿ ಕೂತಿತ್ತು. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಗಡಿಯಾರಕ್ಕೆ ಹಾಕುವ ಎಣ್ಣೆಯನ್ನು ಸೂಜಿ ತುದಿಯಲ್ಲಿ ಅಕ್ಷಗಳಿಗಷ್ಟೇ ಮುಟ್ಟಿಸಿದೆ. ಗವರ್ನರ್ ಉಜ್ಜುವ ಜಾಗಕ್ಕೆ ಎಣ್ಣೆ ತಾಗಬಾರದು, ತಾಗಿದರೆ ಡಯಲ್ ಜಾಸ್ತಿ ಜೋರಾಗಿ ಓಡುತ್ತದೆ.

ಸರಿಯಾಯಿತಾ ಎಂದು ನೋಡುವುದು ಸುಲಭ. ಸೊನ್ನೆ ತಿರುಗಿಸಿದರೆ ಲೈನ್ 10 ಸಲ ಕಡಿದು ಕೂಡುತ್ತದೆ (ಇದಕ್ಕೇ ಪಲ್ಸ್ ಅನ್ನುವುದು), ಸೆಕೆಂಡಿಗೆ ಸುಮಾರು 10ರ ಲೆಕ್ಕದಲ್ಲಿ. ಅಂದರೆ ಡಯಲ್ ಒಂದು ಸೆಕೆಂಡಿನ ಆಸುಪಾಸಿನಲ್ಲಿ ವಾಪಸ್ ಬರಬೇಕು. ಈಗ ಬರುತ್ತಿದೆ! ಆ ಟರ್ರ್ ಶಬ್ದ ಕೇಳಿ ಅಮ್ಮ ಅಡುಗೆಮನೆಯಿಂದ ಓಡಿ ಬಂದರು.

ದನಿ ಮಂಕಾಗಿತ್ತು. ಮೌತ್‌ಪೀಸ್‌ನಲ್ಲಿರುವ ಇದ್ದಿಲ ಪುಡಿ ಗಟ್ಟಿಯಾಗಿತ್ತು, ರಿಸೀವರನ್ನು ಅಂಗೈಗೆ ಮೆಲ್ಲಗೆ ತಟ್ಟಿದ ಮೇಲೆ ಸಡಿಲವಾಯಿತು. ಹೊರಮೈಗೆ ಪಾಲಿಶ್ ಅಷ್ಟೇ. ಪೇಂಟ್ ಹೊಡೆಯಿರಿ ಎಂದವರು ಕ್ಷಮಿಸಿ, ನನಗೆ ಮನಸ್ಸಾಗಲಿಲ್ಲ. 1948ರಲ್ಲಿ ನಮ್ಮ ಬೆಂಗಳೂರಿನಲ್ಲೇ ಶುರುವಾದ ಕಾರ್ಖಾನೆಯ ಫೋನ್ ಅಲ್ವಾ, ಅದರ ಬಣ್ಣ ಹಾಗೇ ಇರಲಿ.

ಇನ್ನೊಂದು ಕೆಲಸ ಬಾಕಿ ಇದೆ. ಕರೆ ಬಂದರೆ ಗಂಟೆ ಹೊಡೆಯುತ್ತದೆ, ಮಾತಾಡಬಹುದು. ಆದರೆ ನಮ್ಮ ಫೈಬರ್ ಮೋಡೆಮ್ ಡಯಲ್‌ನ ಪಲ್ಸ್ ತೆಗೆದುಕೊಳ್ಳುವುದಿಲ್ಲ. ಪಲ್ಸನ್ನು ಬಟನ್ ಫೋನಿನಂಥ ಟೋನ್ ಮಾಡುವ ಸಣ್ಣ ಡಬ್ಬಿ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌.ಪಿ. ರೋಡಿನಲ್ಲಿ ಯಾರಿಗಾದರೂ ಸಿಕ್ಕಿದೆಯಾ?