ಪೋನಿ ಪ್ಲೇ: ಕಡಿವಾಣ ಹಾಕಿದ ಮೇಲೆ 'ಸಾಕು' ಅನ್ನೋದು ಹೇಗೆ? ಮೈಸೂರಲ್ಲಿ ಸಾಮಾನು, ಜಾಗ?

ಹೊಂಗೆನೆರಳು:
ಪೋನಿ ಪ್ಲೇ, ಅಂದ್ರೆ ವಯಸ್ಕರು ಕುದುರೆ ಮತ್ತು ಪಳಗಿಸೋರ ಪಾತ್ರ ಹಾಕಿ ಆಡೋ ಆಟ, ಅದನ್ನ ನಾವಿಬ್ಬರು ಆಡ್ತೀವಿ. ಇಬ್ಬರೂ ಮೂವತ್ತು ದಾಟಿದೋರು, ಇಬ್ಬರಿಗೂ ಪೂರ್ತಿ ಒಪ್ಪಿಗೆ. ಒಬ್ಬರು ಕುದುರೆ, ಒಬ್ಬರು ಪಳಗಿಸೋರು. ಈವರೆಗೆ ಸೊಂಟಪಟ್ಟಿ, ಹಗ್ಗದ ಲಗಾಮು ಇಷ್ಟರಲ್ಲೇ ಮನೆಯೊಳಗೆ ನಡಿಗೆ ಅಭ್ಯಾಸ ಆಗಿದೆ. ಈಗ ಕಡಿವಾಣ, ಕಣ್ಣುಪಟ್ಟಿ, ಆಮೇಲೆ ಎರಡು ಚಕ್ರದ ಸಣ್ಣ ಗಾಡಿ ಸೇರಿಸಬೇಕು ಅಂತಿದೆ. ಬಾಯಲ್ಲಿ ಕಡಿವಾಣ ಇದ್ದಾಗ ಸೇಫ್‌ವರ್ಡ್ (ಆಟ ನಿಲ್ಲಿಸೋಕೆ ಮೊದಲೇ ಗೊತ್ತುಮಾಡಿಕೊಂಡ ಮಾತು) ಹೇಳಕ್ಕಾಗಲ್ಲ, ಏನು ಮಾಡ್ತೀರಿ? ರೇಸ್ ಕುದುರೆಯ ಹಳೇ ಕಡಿವಾಣ ಸಿಕ್ಕಿದೆ, ತೊಳೆದು ಬಳಸಬಹುದಾ? ಮೈಸೂರಲ್ಲಿ ಇದೇ ಆಸಕ್ತಿ ಇರೋರು ನಾಲ್ಕೈದು ಜನ ಇದ್ದಾರೆ, ಸೇರೋದು ಹೇಗೆ?

ಗೊರಸುಸದ್ದು:
ಕಬ್ಬಿಣದ ಕಡಿವಾಣ ಬೇಡವೇ ಬೇಡ. ಕುದುರೆ ಬಾಯಲ್ಲಿ ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಹಲ್ಲೇ ಇಲ್ಲದ ಜಾಗ ಇದೆ, ಕಡಿವಾಣ ಕೂರೋದು ಅಲ್ಲಿ. ಮನುಷ್ಯರಿಗೆ ಆ ಜಾಗ ಇಲ್ಲ, ಲೋಹ ನೇರ ಹಲ್ಲಿನ ಮೇಲೇ ಬೀಳುತ್ತೆ. ಒಂದು ಸಲ ಎಡವಿದರೂ ಹಲ್ಲಿನ ಚೂರು ಹಾರುತ್ತೆ. ಅಡುಗೆಗೆ ಬಳಸೋ ದರ್ಜೆಯ ಸಿಲಿಕೋನ್ ಕೊಳವೆ ತಗೊಳ್ಳಿ, ದಪ್ಪ 15 ಮಿ.ಮೀ. ಆಸುಪಾಸು, ಒಳಗೆ ಗಟ್ಟಿ ಹುರಿ. ಕಚ್ಚಿದರೆ ಸ್ವಲ್ಪ ಒಳಕ್ಕೆ ಹೋಗಬೇಕು, ಆದ್ರೆ ತುಂಡಾಗಬಾರದು. ಮೊದಮೊದಲು 10 ನಿಮಿಷ ಸಾಕು. ಕಿವಿಯ ಮುಂದೆ ದವಡೆ ಕೀಲು ನೋಯೋಕೆ ಶುರುವಾದರೆ ಅವತ್ತಿಗೆ ಮುಗೀತು. ನೆಗಡಿಯಾಗಿ ಮೂಗು ಕಟ್ಟಿದ್ದರೆ ಕಡಿವಾಣವನ್ನ ಮುಟ್ಟಲೇಬೇಡಿ. ಜೊಲ್ಲು ಸುರಿಯೋದು ಸಹಜ, ತಲೆ ಹಿಂದಕ್ಕೆ ವಾಲದ ಹಾಗೆ ನೋಡಿಕೊಂಡರೆ ಗಂಟಲಿಗೆ ಇಳಿಯಲ್ಲ.

ಇನ್ನೊಂದು, ಲಗಾಮನ್ನ ಕಡಿವಾಣಕ್ಕೆ ಕಟ್ಟಬೇಡಿ. ಎಳೆದಾಗ ಕುತ್ತಿಗೆ ತಿರುಚುತ್ತೆ. ಹೆಗಲ ಪಟ್ಟಿಯ ಎರಡು ಬದಿಯ ರಿಂಗಿಗೆ ಕಟ್ಟಿ. ಎಡಕ್ಕೆ ಎಳೆದರೆ ಎಡ ಹೆಗಲಿಗೆ ಗೊತ್ತಾಗುತ್ತೆ, ಅಷ್ಟೇ ಬೇಕಾಗಿರೋದು. ಕೊರಳ ಪಟ್ಟಿಗಂತೂ ಏನನ್ನೂ ಕಟ್ಟೋ ಹಾಗಿಲ್ಲ.

ಸನ್ನೆ ವಿಷಯ. ಬಹಳ ಜನ 'ಮೂರು ಸಲ ಕಾಲು ಕುಟ್ಟೋದು' ಅಂತ ಇಟ್ಕೋತಾರೆ. ಅದು ತಪ್ಪು. ಕುದುರೆ ಪಾತ್ರದಲ್ಲಿ ಕಾಲು ಕುಟ್ಟೋದು, ತಲೆ ಕೊಡವೋದು ಆಟದ ಭಾಗವೇ, ಯಾವುದು ಆಟ ಯಾವುದು ನೋವು ಅಂತ ಪಳಗಿಸೋರಿಗೆ ತಿಳಿಯಲ್ಲ. ಪಾತ್ರದಲ್ಲಿ ಯಾವತ್ತೂ ಬರದ ಸನ್ನೆ ಬೇಕು. ಕೈ ಬಿಡುವಿದ್ದರೆ ಗೆಜ್ಜೆ ಹಾಕಿದ ಸಣ್ಣ ಚೆಂಡು ಹಿಡಿಸಿ, ಬಿತ್ತು ಅಂದ್ರೆ ಎಲ್ಲ ನಿಲ್ಲಬೇಕು. ಕೈಗೆ ಗೊರಸಿನ ಗವಸು ಹಾಕಿದ್ದರೆ ಒಂದು ಮಂಡಿ ಊರಿ ಕೂರೋದು ಸನ್ನೆ. ಇದರ ಮೇಲೆ, 3-4 ನಿಮಿಷಕ್ಕೊಮ್ಮೆ ಪಳಗಿಸೋರು ತೋಳನ್ನ ಎರಡು ಸಲ ಅದುಮಬೇಕು, ಕುದುರೆ ಎರಡು ಸಲ ತಲೆ ತಗ್ಗಿಸಿ ಉತ್ತರ ಕೊಡಬೇಕು. ಪಾತ್ರದಲ್ಲಿ ಮುಳುಗಿದೋರಿಗೆ ಸನ್ನೆ ಮಾಡೋದೇ ಮರೆತುಹೋಗುತ್ತೆ. ಆದ್ದರಿಂದ ಉತ್ತರ ಬರಲಿಲ್ಲ ಅಂದ್ರೂ ನಿಲ್ಲಿಸೋದೇ.

ಮೂಕಿಮರ:
ಗಾಡಿ ಎಳೆಯೋದು ಎದೆಯಿಂದಲ್ಲ, ಸೊಂಟದಿಂದ. 50 ಮಿ.ಮೀ. ಅಗಲದ ನೈಲಾನ್ ಪಟ್ಟಿ, ಒಳಗೆ 10 ಮಿ.ಮೀ. ಫೋಮ್, ಸೊಂಟದ ಮೂಳೆಯ ಮೇಲೆ ಕೂರಬೇಕು. ಹೆಗಲ ಪಟ್ಟಿ ಇರೋದು ಅದು ಜಾರದಿರಲಿ ಅಂತ ಮಾತ್ರ. ಪಟ್ಟಿಯಡಿ ಎರಡು ಬೆರಳು ಹೋಗಬೇಕು, ಪೂರ್ತಿ ಉಸಿರೆಳೆದಾಗ ಎಲ್ಲೂ ಒತ್ತಬಾರದು. ಕಂಕುಳಲ್ಲಿ ಪಟ್ಟಿ ಒತ್ತಿದರೆ ಬೆರಳು ಜುಮ್ಮೆನ್ನುತ್ತೆ. ನರ ಒತ್ತುತ್ತಿದೆ ಅಂತ ಅರ್ಥ, 'ಇನ್ನೊಂದು ಸುತ್ತು' ಅನ್ನದೆ ಅಲ್ಲೇ ಬಿಚ್ಚಿ. ಕಾರಿನ ಸೀಟ್ ಕವರ್, ಬ್ಯಾಗ್ ಹೊಲಿಯೋರ ಹತ್ತಿರ ಅಳತೆ ಹಾಕಿದ ಚಿತ್ರ ಕೊಟ್ಟರೆ ಹೊಲಿದುಕೊಡ್ತಾರೆ. ತೊಗಲೇ ಬೇಕು ಅಂದ್ರೆ ಜೀನು, ಲಗಾಮಿನ ಕೆಲಸಕ್ಕೆ ಹೆಸರಾದ ಊರು ಕಾನ್ಪುರ. ಆದ್ರೆ ಕುದುರೆ ಮುಖದ ಅಳತೆಯ ತಲೆಪಟ್ಟಿ ನಮಗೆ ಕೂರಲ್ಲ. ಬಕಲ್, ರಿಂಗು ಮಾತ್ರ ಉಪಯೋಗಕ್ಕೆ ಬರುತ್ತೆ.

ಗಾಡಿಗೆ 26 ಇಂಚಿನ ಸೈಕಲ್ ಚಕ್ರ ಚೆನ್ನ. ಎಲ್ಲರೂ ಎಡವೋದು ಭಾರ ಹಂಚೋದರಲ್ಲಿ. ಸೀಟು ಅಚ್ಚಿನಿಂದ ಹಿಂದಕ್ಕೆ ಹೋದರೆ ಹಿಂಭಾರ ಆಗಿ ಮೂಕಿ (ಗಾಡಿಯಿಂದ ಮುಂದಕ್ಕೆ ಚಾಚಿರೋ, ಎಳೆಯೋ ಕೋಲು) ಮೇಲೇಳುತ್ತೆ, ಕೂತೋರು ಮಗುಚಿ ಬೀಳ್ತಾರೆ. ಅತೀ ಮುಂದೆ ಬಂದರೆ ಮುಂಭಾರ, ಕುದುರೆ ಸೊಂಟ ಹಿಡ್ಕೊಳ್ಳುತ್ತೆ. ಜನ ಕೂತ ಮೇಲೆ ಮೂಕಿ ತುದಿ ತಕ್ಕಡಿಯಲ್ಲಿ 3ರಿಂದ 5 ಕೆ.ಜಿ. ತೋರಿಸೋ ತನಕ ಸೀಟನ್ನ ಹಿಂದೆ ಮುಂದೆ ಸರಿಸಿ. ಲಗೇಜ್ ತೂಗೋ ಕೊಕ್ಕೆ ತಕ್ಕಡಿ ಸಾಕು.

ಗಾಡಿ 30, ಕೂತೋರು 70 ಸೇರಿ 100 ಕೆ.ಜಿ. ಆದ್ರೆ, ನೂರು ಮೀಟರಿಗೆ ಐದು ಮೀಟರ್ ಏರೋ ದಾರಿಯಲ್ಲಿ 5 ಕೆ.ಜಿ.ಯ ಎಳೆತ ಹೆಚ್ಚುತ್ತೆ. ಏರು ಹೇಗೋ ಹತ್ತಬಹುದು, ಇಳಿಜಾರೇ ಅಪಾಯ. ಅಷ್ಟೇ ಬಲ ಹಿಂದಿನಿಂದ ನೂಕುತ್ತೆ. ಕೂತೋರ ಕೈಯಲ್ಲಿ ಸೈಕಲ್ ಬ್ರೇಕ್ ಇಲ್ಲದೆ ಸಮತಟ್ಟು ಬಿಟ್ಟು ಹೋಗಬೇಡಿ. ಗಾಡಿ ಎಳೆಯುವಾಗ ಕೈ ಕಟ್ಟಬಾರದು, ಬಿದ್ದರೆ ಮುಖವೇ ನೆಲಕ್ಕೆ. ಹಿಮ್ಮಡಿ ಇಲ್ಲದ ಗೊರಸು ಬೂಟೂ ಬೇಡ, ಮಾಮೂಲಿ ಸ್ಪೋರ್ಟ್ಸ್ ಶೂನೇ ಇರಲಿ. ಗೊರಸು ಬೂಟನ್ನ ರಬ್ಬರ್ ಚಾಪೆ ಮೇಲೆ 5 ನಿಮಿಷದಿಂದ ಶುರು ಮಾಡಿ. ಹುಲ್ಲಿನಲ್ಲಿ ಕಾಣದ ಗುಂಡಿಗೆ ಪಾದ ಹೊರಳುತ್ತೆ.

ಬೇಲಿಯಾಚೆ:
ಮೂರನೇ ಪ್ರಶ್ನೆಗೆ. ಮೊದಲ ಭೇಟಿ ಹಗಲು ಹೊತ್ತಲ್ಲಿ, ಹೋಟೆಲ್ಲಲ್ಲಿ, ಮಾಮೂಲಿ ಬಟ್ಟೆಯಲ್ಲಿ, ಸಾಮಾನಿಲ್ಲದೆ. ಬೇರೆ ಕಡೆ ಇದನ್ನ ಮಂಚ್ ಅಂತಾರೆ. ಕಾಫಿ ಕುಡಿದು ಮಾತಾಡೋದಷ್ಟೇ. ವಯಸ್ಸು ಖಾತ್ರಿ ಮಾಡ್ಕೊಳ್ಳಿ: ಗುರುತಿನ ಚೀಟಿಯಲ್ಲಿ ಉಳಿದದ್ದನ್ನ ಬೆರಳಲ್ಲಿ ಮುಚ್ಚಿ ಫೋಟೋ, ಹುಟ್ಟಿದ ದಿನ ಮಾತ್ರ ತೋರಿಸಿದರೆ ಸಾಕು, ಪ್ರತಿ ಇಟ್ಕೋಬೇಡಿ. ಮೈಸೂರಂಥ ಊರಲ್ಲಿ ಇವರ ಭಾವಮೈದ ಅವರ ಆಫೀಸಲ್ಲಿರ್ತಾರೆ. ಹೊರಗೆ ಸಿಕ್ಕಾಗ ಎದುರಿನವರು ಮಾತಾಡಿಸಿದರೆ ಮಾತ್ರ ಮಾತು, ಇದನ್ನ ಮೊದಲೇ ಮಾತಾಡ್ಕೊಳ್ಳಿ. ಗುಂಪಿನಲ್ಲಿ ಸೇರಿದಾಗ ಫೋನೆಲ್ಲ ಒಂದು ಡಬ್ಬಿಗೆ.

ಜಾಗ ಅಂದ್ರೆ ಕಾಂಪೌಂಡ್ ಇರೋ ತೋಟದ ಮನೆ, ಮಾಲೀಕರಿಗೆ ಗೊತ್ತಿದ್ದು ಒಪ್ಪಿದ್ದರೆ ಮಾತ್ರ. ಕುಕ್ಕರಹಳ್ಳಿ ಕೆರೆ ಏರಿ, ಬೆಟ್ಟದ ದಾರಿ ಬೇಡ. ನಿಮ್ಮಿಬ್ಬರ ಒಪ್ಪಿಗೆ ಇದೆ, ವಾಕಿಂಗ್ ಬಂದೋರ ಒಪ್ಪಿಗೆ ಇಲ್ಲ. ಸಾರ್ವಜನಿಕ ಜಾಗದಲ್ಲಿ ಬೇರೆಯವರಿಗೆ ಕಿರಿಕಿರಿಯಾಗುವ ಅಶ್ಲೀಲ ಕೃತ್ಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 296ನೇ ಕಲಮೂ ಇದೆ, ಹಿಂದಿನ ಐಪಿಸಿ 294.

ಹೊಂಗೆನೆರಳು:
ಎಲ್ಲರಿಗೂ ಥ್ಯಾಂಕ್ಸ್. ಹಳೇ ಕಡಿವಾಣ ಗೋಡೆಗೆ ನೇತುಹಾಕ್ತೀವಿ. ಬಿಚ್ಚೋವಾಗ ಏನಾದ್ರೂ ಕ್ರಮ ಇದೆಯಾ?

ಗೊರಸುಸದ್ದು:
ಇದೆ. ಮೊದಲು ಗಾಡಿಯಿಂದ ಬಿಡಿಸಿ, ಕುರ್ಚಿ ಮೇಲೆ ಕೂರಿಸಿ. ಆಮೇಲೆ ಕಡಿವಾಣ, ನೀರು. ಕಣ್ಣುಪಟ್ಟಿಯನ್ನ ನೆರಳಲ್ಲಿ ನಿಧಾನಕ್ಕೆ ತೆಗೀರಿ, ಬೆಳಕು ಒಮ್ಮೆಲೇ ಹೊಡೆದರೆ ಕಣ್ಣು ಕುಕ್ಕುತ್ತೆ. ನಂತರ ಗವಸು, ಪಟ್ಟಿ, ಕೊನೆಗೆ ಬೂಟು. ಬೂಟು ಬಿಚ್ಚಿದ ಕೂಡಲೇ ಎದ್ದು ನಿಲ್ಲಿಸಬೇಡಿ, ಮೀನಖಂಡ ಹಿಡಿದಿರುತ್ತೆ. ಎರಡು ನಿಮಿಷ ನೀವಿ.