ಹಳೆ ಎಂಎಂ540 ಜೀಪಿಗೆ ಸೆಕೆಂಡ್ ಹ್ಯಾಂಡ್ ಟರ್ಬೊ ಹಾಕಬಹುದಾ?

ಗಿರೀಶ್, ಚಿಂಚವಡ (ಪುಣೆ)

ನಮಸ್ಕಾರ. ನನ್ನದು 1994ರ ಮಹೀಂದ್ರ ಎಂಎಂ540, ಫೋರ್ ವೀಲ್ ಡ್ರೈವ್. ಎಂಜಿನ್ ಅದೇ ಪ್ಯೂಜೊ ಮೂಲದ 2112 ಸಿಸಿ ಡೀಸೆಲ್, ಟರ್ಬೊ (ಹೊಗೆಯ ರಭಸಕ್ಕೆ ತಿರುಗಿ ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಸಾಧನ) ಇಲ್ಲ. ಸಪಾಟು ರಸ್ತೆಯಲ್ಲಿ ಯಾವ ತಕರಾರೂ ಇಲ್ಲ. ಆದರೆ ನಾಲ್ಕು ಜನ, ಸಾಮಾನು ತುಂಬಿಕೊಂಡು ತಾಮ್ಹಿಣಿ ಘಾಟ್ ಅಥವಾ ವರಂಧ ಘಾಟ್ ಹತ್ತುವಾಗ ಒಮ್ಮೆ ಸೆಕೆಂಡ್ ಗೇರ್‌ಗೆ ಇಳಿದರೆ ಮತ್ತೆ ಥರ್ಡ್‌ಗೆ ಹೋಗುವ ಮಾತೇ ಇಲ್ಲ, ಹಿಂದೆ ಎಸ್‌ಟಿ ಬಸ್ಸಿನವನು ಹಾರ್ನ್ ಹೊಡೆಯುತ್ತಲೇ ಇರುತ್ತಾನೆ. ಕುರ್ಲಾದ ಗುಜರಿಯಲ್ಲಿ ಟಾಟಾ ಸುಮೊದಿಂದ ಬಿಚ್ಚಿದ ಟರ್ಬೊ ಒಂದು ಇದೆ, 2 ಲೀಟರ್ ಎಂಜಿನ್‌ದು. ಮ್ಯಾನಿಫೋಲ್ಡ್ (ಎಂಜಿನ್‌ನಿಂದ ಹೊಗೆ ಹೊರಗೆ ತರುವ ಕವಲು ಪೈಪ್) ಸಮೇತ ಕೊಡುತ್ತಾನಂತೆ. ಕೂರುತ್ತದಾ? ಪಿಸ್ಟನ್ ತಡೆಯುತ್ತದಾ? ನಮ್ಮ ಮೆಕ್ಯಾನಿಕ್ ಕೇಳಿದರೆ "ಡೀಸೆಲ್ ಪಂಪಿನ ಸ್ಕ್ರೂ ಸ್ವಲ್ಪ ತಿರುಗಿಸಿದರೆ ಸಾಕು, ಟರ್ಬೊ ಯಾಕೆ" ಅನ್ನುತ್ತಾನೆ. ಮಾಡಿಸಿದವರು ಯಾರಾದರೂ ಇದ್ದರೆ ಹೇಳಿ.

ಶಿವು, ಭೋಸರಿ

ಗಿರೀಶ್ ಅವರೇ, ಸೈಜ್ ಸರಿಹೋಗುತ್ತದೆ. ನಿಮ್ಮ ಎಂಜಿನ್ 3500 ಆರ್‌ಪಿಎಂನಲ್ಲಿ ನಿಮಿಷಕ್ಕೆ ಸುಮಾರು 3100 ಲೀಟರ್ ಗಾಳಿ ಎಳೆಯುತ್ತದೆ. ಸುಮೊದ್ದು 1948 ಸಿಸಿ, ಹೆಚ್ಚುಕಮ್ಮಿ ಅಷ್ಟೇ. ಇದೇ ಪ್ಯೂಜೊ ಕುಟುಂಬದ 2304 ಸಿಸಿ ಎಂಜಿನ್‌ಗೆ ಕಂಪನಿಯವರೇ 1979ರಲ್ಲಿ ಟರ್ಬೊ ಹಾಕಿ 604 ಕಾರಿನಲ್ಲಿ ಮಾರಿದ್ದರು. ಹಾಗಾಗಿ ಆಗದ ಕೆಲಸವೇನಲ್ಲ.

ಆದರೆ ಟರ್ಬೊ ಕೊಳ್ಳುವ ಮೊದಲು ಎಂಜಿನ್ ನೋಡಿಸಿ. ಕಂಪ್ರೆಷನ್ ಟೆಸ್ಟ್ ಮಾಡಿಸಿ, ಬಿಸಿ ಎಂಜಿನ್ ಓಡುತ್ತಿರುವಾಗ ಆಯಿಲ್ ಕ್ಯಾಪ್ ತೆಗೆದು ನೋಡಿ, ಹೊಗೆ ಭುಸುಭುಸು ಅಂತ ಬಂದರೆ ರಿಂಗ್ ಸವೆದಿದೆ ಅಂತ ಅರ್ಥ. ಆ ಸ್ಥಿತಿಯಲ್ಲಿ ಟರ್ಬೊ ಹಾಕಿದರೆ ಕ್ರ್ಯಾಂಕ್‌ಕೇಸಿನ (ಎಂಜಿನ್ ಕೆಳಹೊಟ್ಟೆಯ) ಒತ್ತಡ ಟರ್ಬೊದ ಆಯಿಲ್ ಕೆಳಗೆ ಇಳಿಯಲು ಬಿಡುವುದಿಲ್ಲ. ಆಯಿಲ್ ಸೀಲ್ ದಾಟಿ ಸೈಲೆನ್ಸರಿಗೂ ಇನ್‌ಟೇಕಿಗೂ ಹೋಗುತ್ತದೆ. ಜನ ಟರ್ಬೊ ಕೆಟ್ಟಿದೆ ಅಂತ ಇನ್ನೊಂದು ತಂದು ಹಾಕುತ್ತಾರೆ, ಅದೂ ಸೋರುತ್ತದೆ. ಬೈಯ್ಯುವುದು ಮಾತ್ರ ಗುಜರಿಯವನಿಗೆ!

ಆಯಿಲ್ ಸಪ್ಲೈ ಸುಲಭ, ಪ್ರೆಷರ್ ಸ್ವಿಚ್ ಇರುವ ಕಡೆ ಟೀ (ಮೂರು ಬಾಯಿಯ ಪೈಪ್ ಜೋಡಣೆ) ಹಾಕಿ ಸಣ್ಣ ಪೈಪ್ ಎಳೆಯಬಹುದು. ತಲೆನೋವು ರಿಟರ್ನ್ ಪೈಪಿನದ್ದು. ಅಲ್ಲಿ ಪ್ರೆಷರ್ ಇರುವುದಿಲ್ಲ, ಆಯಿಲ್ ತನ್ನ ಭಾರಕ್ಕೇ ಇಳಿಯಬೇಕು. ಅದಕ್ಕೆ ಪೈಪ್ ದಪ್ಪ ಇರಬೇಕು, ಎಲ್ಲೂ ಬಾಗಿ ಮೇಲೇಳಬಾರದು, ಸಂಪ್‌ಗೆ (ಎಂಜಿನ್ ತಳದ ಆಯಿಲ್ ತೊಟ್ಟಿಗೆ) ಸೇರುವ ಜಾಗ ಆಯಿಲ್ ಮಟ್ಟಕ್ಕಿಂತ ಮೇಲಿರಬೇಕು. ಎಂಜಿನ್ ಒಳಗಿನ ಹೊಗೆ ಹೊರಬಿಡುವ ಬ್ರೀದರ್ ಪೈಪನ್ನೂ ಟರ್ಬೊಗೆ ಮುಂಚೆ, ಏರ್ ಫಿಲ್ಟರ್ ಕಡೆಗೇ ಕೊಡಿ. ಈಗಿರುವ ಜಾಗದಲ್ಲೇ ಬಿಟ್ಟರೆ ಬೂಸ್ಟ್ ಗಾಳಿ (ಟರ್ಬೊ ಒತ್ತಿ ಕಳಿಸುವ ಗಾಳಿ) ಎಂಜಿನ್ ಹೊಟ್ಟೆಗೆ ನುಗ್ಗುತ್ತದೆ.

ಇನ್ನು ಪಿಸ್ಟನ್. ಈ ಎಂಜಿನ್‌ನ ಕಂಪ್ರೆಷನ್ (ಒಳಗೆ ಗಾಳಿ ಒತ್ತುವ ಪ್ರಮಾಣ) 22:1ರ ಆಸುಪಾಸು, ಅದು ಮೊದಲೇ ಜಾಸ್ತಿ. 0.5 ಬಾರ್ ಬೂಸ್ಟ್ ದಾಟಿಸಬೇಡಿ. ಪಿಸ್ಟನ್ ಕರಗಿಸುವುದು ಗಾಳಿ ಅಲ್ಲ, ಡೀಸೆಲ್. ಸ್ಕ್ರೂ ತಿರುಗಿಸಿದರೆ ಡೀಸೆಲ್ ಜಾಸ್ತಿ ಆಗುತ್ತದೆ, ಗಾಳಿ ಅಷ್ಟೇ ಇರುತ್ತದೆ, ಆಗ ಕಪ್ಪು ಹೊಗೆ ಮತ್ತು ಶಾಖ ಎರಡೂ ಏರುತ್ತವೆ. ನಿಮ್ಮ ಮೆಕ್ಯಾನಿಕ್ ಹೇಳಿದ್ದರಲ್ಲಿ ನನಗೆ ಭಯ ಅದೇ. ಟರ್ಬೊ ಹಾಕಿ ಸ್ಕ್ರೂ ಮುಟ್ಟದಿದ್ದರೂ ಹೊಗೆ ಕಡಿಮೆ ಆಗುತ್ತದೆ, ಪವರ್ ಮಾತ್ರ ಅಂಥಾ ಏನೂ ಏರುವುದಿಲ್ಲ. ಹಾಗಾಗಿ ಸ್ವಲ್ಪ ಡೀಸೆಲ್ ಕೊಡಲೇಬೇಕು, ಆದರೆ ಮೀಟರ್ ನೋಡಿಕೊಂಡು. ಶಾಖ ಅಳೆಯುವ ಕೆ ಟೈಪ್ ಥರ್ಮೋಕಪಲ್ ಮುಂಬೈಯ ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗುತ್ತದೆ. ಅದನ್ನು ಮ್ಯಾನಿಫೋಲ್ಡಿನಲ್ಲಿ, ಟರ್ಬೊಗಿಂತ ಮುಂಚೆ ಕೂರಿಸಿ. ಘಾಟ್ ಹತ್ತುವಾಗ 700 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದರೆ ಆಕ್ಸಿಲರೇಟರ್ ಬಿಡಿ, ಗೇರ್ ಇಳಿಸಿ.

ನಾಗರಾಜ, ವಾಸ್ಕೊ

ಶಿವು ಅಣ್ಣ ಹೇಳಿದ್ದೆಲ್ಲ ಸರಿ. ಆದರೂ ನಾನು ಬೇಡ ಅಂತಲೇ ಹೇಳುತ್ತೇನೆ. ಗಿರೀಶ್ ಸರ್, ನಿಮ್ಮ ಟೈರ್ ಯಾವುದು? ಫ್ಯಾಕ್ಟರಿಯ 6.00-16 ಸುಮಾರು 29 ಇಂಚು ಎತ್ತರ ಇರುತ್ತದೆ. ಚೆಂದಕ್ಕೆ ಅಂತ 31 ಇಂಚಿನದು ಹಾಕಿದ್ದರೆ ಗೇರಿಂಗ್ ಸುಮಾರು 7 ಪರ್ಸೆಂಟ್ ಎತ್ತರ ಆಗಿರುತ್ತದೆ. ಪ್ರತಿ ಗೇರಿನಲ್ಲೂ ಎಳೆತ ಅಷ್ಟು ಕಮ್ಮಿ. ನಾವು ಇಲ್ಲಿಂದ ಅನಮೋಡ್ ಘಾಟ್ ಹತ್ತಿ ಧಾರವಾಡದ ಕಡೆ ಹೋಗುವವರು, ಟೈರ್ ವಾಪಸ್ ಸಣ್ಣದು ಮಾಡಿ, ನಾಝಲ್ (ಡೀಸೆಲ್ ಸಿಂಪಡಿಸುವ ತುದಿ) ಟೆಸ್ಟ್ ಮಾಡಿಸಿ, ಪಂಪ್ ಟೈಮಿಂಗ್ ನೋಡಿಸಿ, ಏರ್ ಫಿಲ್ಟರ್ ಬದಲಿಸಿದ್ದಕ್ಕೇ ಗಾಡಿ ಬೇರೆಯೇ ಆಯಿತು.

ಇನ್ನೊಂದು. ಇಲ್ಲಿ ನನ್ನ ಗೆಳೆಯನ ಜೀಪಿಗೆ ಒಂದು ಗ್ಯಾರೇಜಿನಲ್ಲಿ ಹಳೆ ಟರ್ಬೊ ಹಾಕಿದ್ದರು. ಸೀಲ್ ಹೋಗಿ ಎಂಜಿನ್ ತನ್ನದೇ ಆಯಿಲ್ ಕುಡಿದು ರೇಸ್ ಆಗಲು ಶುರುವಾಯಿತು, ಕೀ ತೆಗೆದರೂ ನಿಲ್ಲಲಿಲ್ಲ. ಪಂಪಿನಿಂದ ಡೀಸೆಲ್ ಬಂದಾದರೂ ಆಯಿಲ್ ಉರಿಯುತ್ತಿರುತ್ತದೆ, ಅಲ್ವಾ? ಟಾಪ್ ಗೇರ್ ಹಾಕಿ, ಬ್ರೇಕ್ ಒತ್ತಿ ಹಿಡಿದು, ಕ್ಲಚ್ ಬಿಟ್ಟು ನಿಲ್ಲಿಸಿದ. ಟರ್ಬೊ ಹಾಕಿಸುವುದೇ ಆದರೆ ಇದನ್ನು ಮನೆಯಲ್ಲಿ ಗಾಡಿ ಓಡಿಸುವವರಿಗೆಲ್ಲ ಹೇಳಿಕೊಡಿ.

ಅನಿತಾ, ಡೊಂಬಿವಲಿ

ಕಾಗದದ ವಿಷಯ ಯಾರೂ ಎತ್ತಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕರಿಗೆ ಒಂದೊಂದು ಮಾರ್ಪಾಡಿಗೆ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು ಅಂತ ಸೇರಿಸಿದರು. ನಿಮ್ಮ ಗಾಡಿಗೆ 15 ವರ್ಷ ದಾಟಿ ಎಷ್ಟೋ ಕಾಲ ಆಯಿತು, ಐದು ವರ್ಷಕ್ಕೊಮ್ಮೆ ಆರ್‌ಟಿಒ ಮುಂದೆ ನಿಲ್ಲಿಸಲೇಬೇಕು. ಬಾನೆಟ್ ತೆಗೆದರೆ ಟರ್ಬೊ ಕಾಣದೆ ಇರುತ್ತದಾ? ಮೊದಲು ಅಲ್ಲಿಗೆ ಹೋಗಿ ಬರವಣಿಗೆಯಲ್ಲಿ ಕೇಳಿ, ಇನ್ಶೂರೆನ್ಸ್‌ನವರಿಗೂ ತಿಳಿಸಿ. ಹೇಳದೆ ಬದಲಿಸಿದ್ದು ಅಂತ ಕ್ಲೇಮ್ ತಿರಸ್ಕರಿಸಿದರೆ ಆಮೇಲೆ ಜಗಳಾಡಿ ಪ್ರಯೋಜನ ಇಲ್ಲ.

ಗಿರೀಶ್, ಚಿಂಚವಡ (ಪುಣೆ)

ಎಲ್ಲರಿಗೂ ಥ್ಯಾಂಕ್ಸ್. ಟೈರ್ 31 ಇಂಚಿನದೇ, ನಾಗರಾಜ ಅವರು ಸರಿಯಾಗಿ ಹಿಡಿದರು! ಕಂಪ್ರೆಷನ್ ಟೆಸ್ಟ್, ನಾಝಲ್ ಮೊದಲು ಮಾಡಿಸುತ್ತೇನೆ. ಆರ್‌ಟಿಒದಲ್ಲೂ ಕೇಳುತ್ತೇನೆ. ಆದರೂ ಈ ವಾರ ಕುರ್ಲಾ ಕಡೆ ಕೆಲಸ ಇದೆ, ಟರ್ಬೊ ಕೈಯಲ್ಲಿ ಹಿಡಿದು ನೋಡುವುದು ಹೇಗೆ ಅಂತ ಹೇಳಿಬಿಡಿ.

ಶಿವು, ಭೋಸರಿ

ಶಾಫ್ಟ್ ಹಿಡಿದು ಹಿಂದೆ ಮುಂದೆ ಎಳೆಯಿರಿ. ಆ ಕಡೆಗೆ ಕೈಗೆ ತಿಳಿಯುವಷ್ಟು ಆಟ ಇದ್ದರೆ ಅಲ್ಲೇ ಇಟ್ಟು ಬನ್ನಿ. ಪಕ್ಕಕ್ಕೆ ಸ್ವಲ್ಪ ಆಡುವುದು ಸಹಜ, ಬುಷ್ ಬೇರಿಂಗ್ ಆಯಿಲ್ ಮೇಲೆ ತೇಲುವಂಥದ್ದು. ಆದರೆ ಹಾಗೆ ಆಡಿಸಿದಾಗ ರೆಕ್ಕೆ ಹೌಸಿಂಗಿಗೆ ತಾಗಬಾರದು. ಟಾರ್ಚ್ ತೆಗೆದುಕೊಂಡು ಹೋಗಿ, ಒಳಗೋಡೆಯಲ್ಲಿ ಉಜ್ಜಿದ ಗೆರೆ ಇದೆಯಾ ನೋಡಿ, ಎರಡೂ ಕಡೆಯ ರೆಕ್ಕೆಯ ತುದಿ ಬೆರಳಲ್ಲಿ ಮುಟ್ಟಿ. ಬಿಸಿ ಕಡೆಯ ಹೌಸಿಂಗಿನಲ್ಲಿ ಸಣ್ಣ ಕೂದಲು ಬಿರುಕು ಇದ್ದರೆ ಚೌಕಾಸಿ ಮಾಡಬಹುದು, ಫ್ಲ್ಯಾಂಜ್ (ಬೋಲ್ಟ್ ಹಾಕುವ ಅಂಚು) ವರೆಗೆ ಸೀಳಿದ್ದರೆ ಬೇಡ. ವೇಸ್ಟ್‌ಗೇಟ್ (ಬೂಸ್ಟ್ ಮಿತಿ ಮೀರದ ಹಾಗೆ ಹೊಗೆ ಪಕ್ಕಕ್ಕೆ ಬಿಡುವ ಬಾಗಿಲು) ಕಡ್ಡಿ ತುಕ್ಕು ಹಿಡಿದು ಕಚ್ಚಿಕೊಂಡಿದೆಯಾ ಅಂತಲೂ ನೋಡಿ, ಅದು ತೆರೆಯದಿದ್ದರೆ 0.5 ಬಾರ್ ಅಂತ ನಾವು ಮಾತಾಡಿದ್ದೆಲ್ಲ ದಂಡ.

ಮ್ಯಾನಿಫೋಲ್ಡ್ ಸಮೇತ ಅಂದನಲ್ಲ, ಅದಕ್ಕೆ ಬೇರೆ ದುಡ್ಡು ಕೊಡಬೇಡಿ. ನಿಮ್ಮ ಎಂಜಿನ್‌ನ ಎಕ್ಸಾಸ್ಟ್ ಗ್ಯಾಸ್ಕೆಟ್ ಜೊತೆಗೆ ಒಯ್ದು ಅದರ ಮೇಲಿಟ್ಟು ನೋಡಿ. ತೂತು ಕೂಡದಿದ್ದರೆ ಟರ್ಬೊ ಒಂದನ್ನೇ ತನ್ನಿ, ದಪ್ಪ ಪ್ಲೇಟಿನಲ್ಲಿ ಫ್ಲ್ಯಾಂಜ್ ಮಾಡಿಸೋಣ.