ಉಪ್ಪಾಗೆ ಕಷಾಯ ಕುಡಿದರೆ ಬೆಂಪೆಡೋಯಿಕ್ ಆಸಿಡ್ ಮಾತ್ರೆ ಬಿಡಬಹುದಾ?

ಹುಲೇಕಲ್ ರಸ್ತೆ ಕೇಳಿದ್ದು:

ಅಪ್ಪಯ್ಯನಿಗೆ 68 ವರ್ಷ. ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ. ಕೊಲೆಸ್ಟೆರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಶುರು ಮಾಡಿದ ಮೇಲೆ ತೊಡೆ, ಮೀನಖಂಡ ಎಲ್ಲ ನೋವು, ತೋಟಕ್ಕೆ ಇಳಿದರೆ ಹತ್ತಿ ಬರಲಿಕ್ಕೆ ಆಗುತ್ತಿರಲಿಲ್ಲ. ಎರಡು ಥರದ ಸ್ಟ್ಯಾಟಿನ್ ಬದಲಿಸಿ ನೋಡಿದ ಡಾಕ್ಟರು ಕೊನೆಗೆ ಬೆಂಪೆಡೋಯಿಕ್ ಆಸಿಡ್ 180 ಮಿಲಿಗ್ರಾಂ ಬರೆದರು. ನೋವು ಇಳಿಯಿತು.

ಅಷ್ಟರಲ್ಲಿ ಮಾವ ಮೊಬೈಲಿನಲ್ಲಿ ಏನೋ ಓದಿಕೊಂಡು ಬಂದರು. ಈ ಮಾತ್ರೆ ದೇಹದಲ್ಲಿ ಯಾವ ಕಿಣ್ವವನ್ನು ತಡೆಯುತ್ತದೋ ಅದನ್ನೇ ಸಾರಿಗೆ ಹಾಕುವ ನಮ್ಮ ಉಪ್ಪಾಗೆ ಹಣ್ಣಿನ ಹುಳಿಯೂ ತಡೆಯುತ್ತದಂತೆ, ಅಟ್ಟದ ಮೇಲೆ ಡಬ್ಬಿಗಟ್ಟಲೆ ಇಟ್ಟುಕೊಂಡು ಪೇಟೆಗೆ ಯಾಕೆ ದುಡ್ಡು ಸುರಿಯಬೇಕು ಎಂದರು. ಈಗ ಹತ್ತು ದಿನದಿಂದ ಅಪ್ಪಯ್ಯ ಮಾತ್ರೆ ಬದಿಗಿಟ್ಟಿದ್ದಾರೆ. ಬೆಳಿಗ್ಗೆ ಸಂಜೆ ಒಣ ಉಪ್ಪಾಗೆಯ ಕಷಾಯ, ಮೇಲಿಂದ ಆನ್‌ಲೈನಿನಲ್ಲಿ ತರಿಸಿದ ಗಾರ್ಸಿನಿಯಾ, ಅಂದರೆ ಉಪ್ಪಾಗೆಯದ್ದೇ ಸಾರದ ಕ್ಯಾಪ್ಸೂಲ್. ನಾನೂ ಹುಡುಕಿ ನೋಡಿದೆ, ಕಿಣ್ವದ ಹೆಸರು ಎರಡೂ ಕಡೆ ಒಂದೇ ಇದೆ. ಮಾವನಿಗೆ ಏನು ಉತ್ತರ ಕೊಡಲಿ?

ಕಾಳಿ ಸಂಗಮ:

ಮೊದಲು ಕೆಲಸದ ಮಾತು. ಸ್ಟೆಂಟ್ ಹಾಕಿಸಿಕೊಂಡವರು ಕೊಲೆಸ್ಟೆರಾಲ್ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಇವತ್ತೇ ಡಾಕ್ಟರಿಗೆ ಫೋನ್ ಮಾಡಿ ಹತ್ತು ದಿನದ ಕಥೆ ಹೇಳಿ. ಆ ಕ್ಯಾಪ್ಸೂಲನ್ನೂ ಇವತ್ತೇ ನಿಲ್ಲಿಸಿ. ಉಳಿದದ್ದನ್ನು ನಿಧಾನಕ್ಕೆ ಓದಿ.

ನಾನು ಸದಾಶಿವಗಡದವಳು, ಪ್ರೋಟೀನುಗಳ ರಚನೆ ನೋಡುವುದು ನನ್ನ ದಿನದ ಕೆಲಸ. ನಿಮ್ಮ ಮಾವ ಹೇಳಿದ್ದು ಅರ್ಧ ನಿಜ, ಆ ಅರ್ಧದ ಮೇಲೆ ನನಗೆ ಬಹಳ ಪ್ರೀತಿ. ಉಪ್ಪಾಗೆಯ ಹುಳಿ ನಿಂಬೆ, ಹುಣಸೆಯಲ್ಲಿರುವಂಥದ್ದೇ ಆಮ್ಲ ಎಂದು ಹಿಂದೆ ನಂಬಿದ್ದರು. ಅದು ಹೈಡ್ರಾಕ್ಸಿಸಿಟ್ರಿಕ್ ಆಸಿಡ್ ಎಂದು 1965ರಲ್ಲಿ ಬರೆದವರು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ಲೂಯಿಸ್ ಮತ್ತು ನೀಲಕಂಠನ್. ನಿಂಬೆಯ ಸಿಟ್ರಿಕ್ ಆಸಿಡ್ಡಿಗಿಂತ ಇದರಲ್ಲಿ ಒಂದೇ ಒಂದು ಆಮ್ಲಜನಕದ ಪರಮಾಣು ಹೆಚ್ಚು. ಅದು ಎಟಿಪಿ ಸಿಟ್ರೇಟ್ ಲಯೇಸ್ ಎಂಬ ಕಿಣ್ವವನ್ನು ತಡೆಯುತ್ತದೆ ಎಂದು 1969ರಲ್ಲಿ ಅಮೆರಿಕದಲ್ಲಿ ತೋರಿಸಿದರು.

ಈ ಕಿಣ್ವದ ಕೆಲಸ ಸಿಟ್ರೇಟನ್ನು, ಅಂದರೆ ದೇಹದೊಳಗಿನ ಸಿಟ್ರಿಕ್ ಆಸಿಡ್ಡನ್ನು, ಒಡೆದು ಅಸಿಟೈಲ್ ಕೋ-ಎ ಮಾಡಿ ಕೊಡುವುದು. ಕೊಬ್ಬು, ಕೊಲೆಸ್ಟೆರಾಲ್ ಎರಡಕ್ಕೂ ಅದೇ ಕಚ್ಚಾ ಮಾಲು. ತೋಟಕ್ಕೆ ನೀರು ಬರುವ ಕಾಲುವೆ ಅಂದುಕೊಳ್ಳಿ. ಸ್ಟ್ಯಾಟಿನ್ ಒಡ್ಡು ಹಾಕುವುದು ಕೆಳಗೆ, ಬೆಂಪೆಡೋಯಿಕ್ ಆಸಿಡ್ ಒಡ್ಡು ಹಾಕುವುದು ಸ್ವಲ್ಪ ಮೇಲೆ. ಕಾಲುವೆ ಒಂದೇ.

ಹಾಗಾದರೆ ಉಪ್ಪಾಗೆ ಯಾಕೆ ಆಗುವುದಿಲ್ಲ? 2017ರಲ್ಲಿ ಕೆನಡಾದ ಕ್ಯಾಲ್ಗರಿಯವರು ಮನುಷ್ಯನ ಈ ಕಿಣ್ವದ ಒಂದು ಭಾಗವನ್ನು ಹೈಡ್ರಾಕ್ಸಿಸಿಟ್ರೇಟ್ ಜೊತೆ ಹರಳುಗಟ್ಟಿಸಿ ಎಕ್ಸ್-ರೇಯಲ್ಲಿ ನೋಡಿದರು. ಉಪ್ಪಾಗೆಯ ಅಣು ಸಿಟ್ರೇಟ್ ಕೂರುವ ಗೂಡಿನಲ್ಲೇ ಹೋಗಿ ಕೂತಿತ್ತು. ಅಂದರೆ ನಮ್ಮ ಹುಳಿ ಆ ಜಾಗಕ್ಕೆ ಸಿಟ್ರೇಟಿನ ಜೊತೆ ಪೈಪೋಟಿ ಮಾಡಬೇಕು. ಜೀವಕೋಶದೊಳಗೆ ಸಿಟ್ರೇಟಿಗೆ ಬರವಿಲ್ಲ. ಇನ್ನೂ ದೊಡ್ಡ ತೊಡಕೆಂದರೆ ಈ ಹುಳಿಯ ಮೈತುಂಬ ವಿದ್ಯುದಾವೇಶ. ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಆದರೆ ಜೀವಕೋಶದ ಹೊದಿಕೆ ಎಣ್ಣೆಯದ್ದು, ಅದನ್ನು ದಾಟಿ ಒಳಗೆ ಹೋಗುವುದು ಬಹಳ ಕಷ್ಟ. ಪರೀಕ್ಷಾ ನಳಿಕೆಯಲ್ಲಿ ಬಾಗಿಲೇ ಇಲ್ಲ, ಹಾಗಾಗಿ ಅಲ್ಲಿ ಹುಲಿ. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಪ್ರಯೋಗದಲ್ಲಿ 135 ಜನರನ್ನು ಎರಡು ಗುಂಪು ಮಾಡಿ 12 ವಾರ ನೋಡಿದರು, ಒಂದು ಗುಂಪಿಗೆ ದಿನಕ್ಕೆ 1500 ಮಿಲಿಗ್ರಾಂ ಹೈಡ್ರಾಕ್ಸಿಸಿಟ್ರಿಕ್ ಆಸಿಡ್. ಅವರ ತೂಕ ಸರಾಸರಿ 3.2 ಕಿಲೋ ಇಳಿಯಿತು, ಬರೀ ಹುಸಿ ಮಾತ್ರೆ ತಿಂದವರದ್ದು 4.1 ಕಿಲೋ.

ಮಾತ್ರೆಯ ಅಣು ನೋಡಲಿಕ್ಕೂ ಬೇರೆ. ಉದ್ದನೆಯ ಇಂಗಾಲದ ಸರಪಳಿ, ಎರಡು ತುದಿಗೂ ಆಮ್ಲ. ನುಂಗಿದ ಹಾಗೇ ಇದ್ದರೆ ಅದೂ ಕೆಲಸ ಮಾಡುವುದಿಲ್ಲ. ಪಿತ್ತಜನಕಾಂಗದಲ್ಲಿರುವ ಇನ್ನೊಂದು ಕಿಣ್ವ ಅದರ ತುದಿಗೆ ಕೋ-ಎ ಜೋಡಿಸಬೇಕು, ಆಮೇಲೇ ಅದು ಚುರುಕಾಗುವುದು. ಆ ಜೋಡಿಸುವ ಕಿಣ್ವ ಮೈಕೈ ಸ್ನಾಯುಗಳಲ್ಲಿ ಇಲ್ಲ. ನಿಮ್ಮ ಅಪ್ಪಯ್ಯನ ಮೀನಖಂಡಕ್ಕೆ ಈ ಮಾತ್ರೆ ತೊಂದರೆ ಕೊಡದೇ ಇದ್ದದ್ದಕ್ಕೆ ಕಾರಣ ಇದು. ಮಾವನಿಗೆ ಬೇರೇನೂ ಹೇಳದಿದ್ದರೂ ಇದನ್ನು ಹೇಳಿ.

ಇನ್ನು ನನ್ನ ಖುಷಿಗೆ ಒಂದು ಮಾತು. 2019ರಲ್ಲಿ ಈ ಕಿಣ್ವದ ಪೂರ್ತಿ ರೂಪ ಕಾಣಿಸಿತು. ಪ್ರೋಟೀನ್ ದ್ರಾವಣವನ್ನು ತೆಳು ಪದರ ಮಾಡಿ ಕಣ್ಣು ಮಿಟುಕಿಸುವುದರೊಳಗೆ ಹೆಪ್ಪುಗಟ್ಟಿಸಿ, ಸಾವಿರಾರು ಅಣುಗಳ ನೆರಳುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಹಿಡಿದು, ಕಂಪ್ಯೂಟರಿನಲ್ಲಿ ಒಟ್ಟು ಮಾಡುವ ವಿಧಾನ. ಈ ಕ್ರಯೋ ವಿಧಾನಕ್ಕೆ 2017ರಲ್ಲಿ ನೊಬೆಲ್ ಬಂತು. 1101 ಅಮೈನೋ ಆಮ್ಲಗಳ ನಾಲ್ಕು ಸರಪಳಿಗಳು ಒಂದನ್ನೊಂದು ತಬ್ಬಿಕೊಂಡಿವೆ. ಕೊಲಂಬಿಯಾ ವಿಶ್ವವಿದ್ಯಾಲಯದವರು ಹೊಸದೊಂದು ಅಣುವನ್ನು ಸೇರಿಸಿ ನೋಡಿದಾಗ ಅದು ಸಿಟ್ರೇಟಿನ ಗೂಡಿಗೆ ಹೋಗಲೇ ಇಲ್ಲ. ಪಕ್ಕದಲ್ಲಿ ಎಣ್ಣೆಗೆ ಒಗ್ಗುವ ಒಂದು ಪೊಟರೆ ಇತ್ತು, ಅಲ್ಲಿ ಹೊಕ್ಕು ಕಿಣ್ವದ ಮೈಯನ್ನೇ ತಿರುಚಿ ಸಿಟ್ರೇಟಿಗೆ ಜಾಗ ಇಲ್ಲದಂತೆ ಮಾಡಿತು. ಆ ಚಿತ್ರವನ್ನು ಪರದೆಯ ಮೇಲೆ ತಿರುಗಿಸಿ ತಿರುಗಿಸಿ ನೋಡಿದ ಸಂಜೆ ನನಗೆ ಇನ್ನೂ ನೆನಪಿದೆ. ಉಪ್ಪಾಗೆಯಿಂದ ಶುರುವಾದ ಹುಡುಕಾಟ ಐವತ್ತು ವರ್ಷಕ್ಕೆ ಪಕ್ಕದ ಮನೆಯ ಬಾಗಿಲು ತಟ್ಟಿತ್ತು.

ಕ್ಯಾಪ್ಸೂಲ್ ಯಾಕೆ ಬೇಡ ಅಂದೆ? ಗಾರ್ಸಿನಿಯಾ ಸಾರದ ಕ್ಯಾಪ್ಸೂಲ್ ತಿಂದು ಪಿತ್ತಜನಕಾಂಗ ಕೆಟ್ಟವರ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಇವೆ. ಸಾರಿಗೆ ಹಾಕುವ ನಾಲ್ಕು ಚೂರು ಉಪ್ಪಾಗೆ ಬೇರೆ, ಸಾರ ಹಿಂಡಿ ತುಂಬಿದ ಡಬ್ಬಿ ಬೇರೆ.

ಕಾನಸೂರಿನವ:

ನಮ್ಮ ಬೆಟ್ಟದಲ್ಲಿ ಹದಿನೇಳು ಉಪ್ಪಾಗೆ ಮರ ಇವೆ. ತೂಕ ಇಳಿಸುವ ಮಾತ್ರೆಗೆ ಬೇಕೆಂದು ವ್ಯಾಪಾರಿಗಳು ಬಾಗಿಲಿಗೆ ಬರುತ್ತಿದ್ದ ಕಾಲ ನೋಡಿದವನು ನಾನು. ಮಳೆಯಲ್ಲಿ ಒಣಗಿಸಬೇಕಲ್ಲ, ಒಲೆ ಹಗಲು ರಾತ್ರಿ ಆರುತ್ತಿರಲಿಲ್ಲ. ಹಸಿ ಓಡು ಹಳದಿ, ಹೊಗೆಯ ಮೇಲೆ ಎರಡು ದಿನಕ್ಕೆ ಕಪ್ಪಾಗಿ ಚರ್ಮದ ಹಾಗೆ ಬಾಗುತ್ತದೆ, ಕೈಗೆ ಅಂಟುತ್ತದೆ. ಅದಕ್ಕೆ ಉರಿದ ಕಟ್ಟಿಗೆ ನೆನೆಸಿಕೊಂಡರೆ ಈಗಲೂ ಸಂಕಟ. ಇವನು ಬಿಟ್ಟರೆ ಅವನು ಕೊಯ್ಯುತ್ತಾನೆಂದು ಬಲಿಯದ ಕಾಯಿ ಉದುರಿಸಿದರು, ಟೊಂಗೆ ಸಮೇತ ಕಡಿದರು. 1998ರಲ್ಲೇ ಉಪಯೋಗ ಇಲ್ಲ ಅಂತ ಗೊತ್ತಾಗಿತ್ತು ಅನ್ನುವುದನ್ನು ಇವತ್ತು ಇಲ್ಲಿ ಓದುತ್ತಿದ್ದೇನೆ. ಆಗಲೇ ಯಾರಾದರೂ ಊರಿಗೆ ಬಂದು ಹೇಳಬೇಕಿತ್ತು.

ಒಂದು ಪ್ರಶ್ನೆ. ನಾವು ರಸವನ್ನು ಕಾಯಿಸಿ ಕಾಯಿಸಿ ಕಪ್ಪು ಹುಳಿ ಮಾಡಿ ವರ್ಷಗಟ್ಟಲೆ ಇಡುತ್ತೇವೆ. ಅದರಲ್ಲಿ ಈ ಆಮ್ಲ ಉಳಿಯುತ್ತದಾ?

ಕಾಳಿ ಸಂಗಮ:

ಪೂರ್ತಿ ಹಾಗೇ ಉಳಿಯುವುದಿಲ್ಲ. ಕಾಯಿಸಿ ಗಟ್ಟಿ ಮಾಡುವಾಗ ಅಣು ತನ್ನ ಬಾಲವನ್ನು ತಾನೇ ಕಚ್ಚಿಕೊಂಡು ಉಂಗುರವಾಗುತ್ತದೆ, ಲ್ಯಾಕ್ಟೋನ್ ಅನ್ನುತ್ತಾರೆ. ಆ ರೂಪ ಸಿಟ್ರೇಟಿನ ಗೂಡಿಗೆ ಹೊಂದುವುದಿಲ್ಲ. ಕಂಪನಿಗಳು ಕ್ಯಾಲ್ಸಿಯಂ, ಪೊಟ್ಯಾಸಿಯಂ ಲವಣ ಮಾಡಿ ಮಾರುವುದು ಇದನ್ನು ತಪ್ಪಿಸಲಿಕ್ಕೆ. ಮಾವನಿಗೆ ಇದೂ ಒಂದು ಉತ್ತರ, ಕಷಾಯ ಕುದಿಸಿದಷ್ಟೂ ಅವರು ಹುಡುಕುವ ಅಣು ಕಡಿಮೆಯಾಗಬಹುದು.

ನೀವು ಹೇಳಿದ ಕಟ್ಟಿಗೆಯ ಮಾತು ಓದಿ ಬೇಜಾರಾಯಿತು. ಈ ಆಮ್ಲ ಕೆಲಸಕ್ಕೆ ಬಾರದ್ದು ಅಂತ ಮಾತ್ರ ಅಂದುಕೊಳ್ಳಬೇಡಿ. ಮೂತ್ರಪಿಂಡದ ಕಲ್ಲಿನ ಕ್ಯಾಲ್ಸಿಯಂ ಆಕ್ಸಲೇಟ್ ಹರಳನ್ನು ಇದು ಕರಗಿಸಬಲ್ಲದು ಎಂದು 2016ರಲ್ಲಿ ಹ್ಯೂಸ್ಟನ್ನಿನ ತಂಡ ಪ್ರಯೋಗಾಲಯದಲ್ಲಿ ತೋರಿಸಿದೆ. ಅಲ್ಲಿ ಜೀವಕೋಶದ ಗೋಡೆ ದಾಟುವ ಕಷ್ಟ ಇಲ್ಲ, ಹರಳು ಹೊರಗೇ ಇರುತ್ತದೆ.

ಕುಮಟಾ ಔಷಧಿ ಅಂಗಡಿ:

ಕೌಂಟರಿನಲ್ಲಿ ದಿನಾ ನೋಡುವವನಾಗಿ ಎರಡು ಮಾತು ಸೇರಿಸುತ್ತೇನೆ. ಈ ಮಾತ್ರೆಯ ಮೇಲೆ ಸ್ಟ್ಯಾಟಿನ್ ಮೈಗೆ ಒಗ್ಗದ 13,970 ಜನರ ದೊಡ್ಡ ಪ್ರಯೋಗ 2023ರಲ್ಲಿ ಬಂತು, ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ತೊಂದರೆಗಳು 13 ಪ್ರತಿಶತ ಕಡಿಮೆಯಾದವು. ಆದರೆ ಯೂರಿಕ್ ಆಸಿಡ್ ಏರುತ್ತದೆ. ಅದೇ ಪ್ರಯೋಗದಲ್ಲಿ ಗೌಟ್ (ಯೂರಿಕ್ ಆಸಿಡ್ ಹೆಚ್ಚಾಗಿ ಕೀಲು ಊದುವ ಕಾಯಿಲೆ) ಆದವರು ಮಾತ್ರೆ ತಿಂದವರಲ್ಲಿ 3.1 ಪ್ರತಿಶತ, ಹುಸಿ ಮಾತ್ರೆಯವರಲ್ಲಿ 2.1. ಪಿತ್ತಕೋಶದ ಕಲ್ಲೂ ಸ್ವಲ್ಪ ಹೆಚ್ಚು. ಅಪ್ಪಯ್ಯನಿಗೆ ಮೊದಲೇ ಕಾಲಿನ ಹೆಬ್ಬೆರಳು ಊದುವ ಅಭ್ಯಾಸ ಇದ್ದರೆ, ಹಿಮ್ಮಡಿಯ ಸ್ನಾಯುರಜ್ಜು (ಟೆಂಡನ್) ನೋಯುತ್ತಿದ್ದರೆ ಡಾಕ್ಟರಿಗೆ ತಪ್ಪದೇ ಹೇಳಿ.

ಹುಲೇಕಲ್ ರಸ್ತೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಸಂಜೆ ಡಾಕ್ಟರಿಗೆ ಫೋನ್ ಮಾಡಿದೆ, ಮಾತ್ರೆ ಮತ್ತೆ ಶುರು ಮಾಡಿ ಅಂದರು. ಲಿವರ್, ಯೂರಿಕ್ ಆಸಿಡ್ ಎರಡೂ ಪರೀಕ್ಷೆ ಬರೆದಿದ್ದಾರೆ, ಸೋಮವಾರ ಶಿರಸಿಗೆ ಹೋಗುತ್ತೇವೆ, ಕ್ಯಾಪ್ಸೂಲ್ ಡಬ್ಬಿಯನ್ನೂ ತೋರಿಸಲಿಕ್ಕೆ ಒಯ್ಯುತ್ತೇನೆ. ಸ್ನಾಯುವಿನಲ್ಲಿ ಆ ಕಿಣ್ವ ಇಲ್ಲ ಅನ್ನುವ ಮಾತನ್ನು ಮಾವನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮೈಸೂರಿನವರ ಹೆಸರು ಇನ್ನೊಮ್ಮೆ ಹೇಳು ಅಂದರು. ಒಣ ಉಪ್ಪಾಗೆಯನ್ನು ಆಯಿ ಸಾರಿಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಅಟ್ಟಕ್ಕೆ ಹಾಕಿದಳು.